ಒಬ್ಬರಿಗೆ ಒಂದು ರೂಮು, ಬಿಸಿನೀರಿನ ಬೆಟ್ಟದಲ್ಲಿ

ಟ್ರಾವೆಲ್ ಆಫೀಸಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ‘ಆಂಟಿ, ಜಪಾನಿನ ಬಿಸಿನೀರಿನ ಊರುಗಳಲ್ಲಿ ಉಳಿಯೋ ಜಾಗ ಹೇಗೆ ಆರಿಸ್ತಿದ್ರಿ?’ ಎಂದು ಕೇಳುತ್ತಾರೆ. ಕಾಫಿ ಕೊಟ್ಟು ಒಂದಿಷ್ಟು ಹೇಳುತ್ತೇನೆ. ಎಲ್ಲವನ್ನೂ ಹೇಳಲು ಆಗುವುದಿಲ್ಲ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಆಫೀಸು ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಒಂದು ದಿನಸಿ ಅಂಗಡಿಗೂ ದೋಸೆ ಹೋಟೆಲಿಗೂ ನಡುವೆ ಇತ್ತು. ಯಜಮಾನರು ಫಿಜಿಯಿಂದ ಬಂದ ಲಾಲ್ ಭಾಯಿ. ಅವರು ಹಿಂದಿಯಲ್ಲಿ ಮಾತಾಡಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಜಪಾನಿಗೆ ಫೋನು ಮಾಡಬೇಕಾದಾಗ ಮಾಡುತ್ತಿದ್ದವಳು ಕಜುಕೊ. ಆಕೆ ಅರ್ಧ ದಿನ ಬರುತ್ತಿದ್ದಳು. ಮೊದಮೊದಲು ಫ್ಯಾಕ್ಸಿನಲ್ಲಿ ಪತ್ರ ಬರೆದು, ಆ ಕಡೆಯ ವಸತಿಗೃಹದ ಯಜಮಾನಿ ಒಪ್ಪುವವರೆಗೆ ಕಾಯುತ್ತಿದ್ದೆವು. ಆಮೇಲೆ ಮೇಲ್ ಬಂತು, ಆಮೇಲೆ ಆ್ಯಪ್ ಬಂತು. ಬೆರಳು ಒತ್ತಿದರೆ ರೂಮು ಸಿಗತೊಡಗಿತು. ಆದರೆ ಪತ್ರ ಓಡಾಡುತ್ತಿದ್ದಾಗ ನಮಗೆ ತಿಳಿಯುತ್ತಿದ್ದ ಎಷ್ಟೋ ಸಂಗತಿ ಆ್ಯಪಿನಲ್ಲಿ ತಿಳಿಯುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಆಕ್ಲೆಂಡಿನ ಪಕ್ಕದ ಪಾಪಕುರಾದ ಒಬ್ಬ ಅಂಕಲ್‌ಗೆ ಮಂಡಿಯ ಆಪರೇಷನ್ ಆಗಿತ್ತು. ಬಿಸಿನೀರಿನಲ್ಲಿ ಕೂತರೆ ನೋವು ಇಳಿಯುತ್ತದೆಂದು ಮಗಳು ಹೊರಡಿಸಿದಳು. ಲಾಲ್ ಭಾಯಿ ಫೋಟೋ ನೋಡಿ ಒಂದು ಜಾಗ ಆರಿಸಿದರು. ಕೊರಕಲಿನ ತಳದಲ್ಲಿ ಹೊಳೆಯ ಪಕ್ಕಕ್ಕೆ ಮರದ ಮನೆ, ಮುಂದೆ ಆವಿಯಾಡುವ ಕೊಳ. ಫೋಟೋ ತೆಗೆದವನು ಕೆಳಗೆ ನಿಂತು ತೆಗೆದಿದ್ದ. ರಸ್ತೆ ಇದ್ದದ್ದು ಮೇಲೆ. ನಡುವೆ ಹಿಮ ಕಟ್ಟಿದ ಕಲ್ಲಿನ ಮೆಟ್ಟಿಲು. ವಸತಿಗೃಹದ ಇಬ್ಬರು ಗಂಡಸರು ಅಂಕಲ್‌ರನ್ನು ಬೆನ್ನ ಮೇಲೆ ಹೊತ್ತು ಇಳಿಸಿದರಂತೆ. ವಾಪಸ್ ಬಂದ ಮೇಲೆ ಅವರು ನನ್ನೆದುರು ಕೂತು, ‘ಸ್ನಾನ ಚೆನ್ನಾಗಿತ್ತಮ್ಮ. ಆದ್ರೆ ಹೆಂಡ್ತಿ ಮಗಳ ಮುಂದೆ ನನ್ನನ್ನ ಮೂಟೆ ಥರ ಹೊತ್ರಲ್ಲ, ಅದನ್ನ ಮರೆಯೋಕಾಗ್ತಿಲ್ಲ’ ಅಂದರು. ಅಂದಿನಿಂದ ನಾನು ಫೋಟೋ ನೋಡುವ ಮೊದಲು, ಬಸ್ಸು ಇಳಿದ ಜಾಗದಿಂದ ಬಾಗಿಲಿನವರೆಗೆ ದಾರಿ ಹೇಗಿದೆ ಎಂದು ಕೇಳತೊಡಗಿದೆ.

ನಮ್ಮವರಿಗೆ ಇನ್ನೂ ಎರಡು ತೊಡಕು. ಅಲ್ಲಿನ ಕೊಳಗಳಲ್ಲಿ ಬಟ್ಟೆ ಇಲ್ಲದೆ ಇಳಿಯಬೇಕು. ಬೆಂಗಳೂರಿನ ಹೆಂಗಸರು ಅದನ್ನು ಕೇಳಿದ ಕೂಡಲೇ ಟಿಕೆಟ್ಟೇ ಬೇಡ ಅನ್ನುತ್ತಿದ್ದರು. ಒಳಗಿಂದ ಚಿಲಕ ಹಾಕಿಕೊಂಡು ಒಂದೇ ಮನೆಯವರು ಇಳಿಯುವ ಸಣ್ಣ ಕೊಳ ಎಲ್ಲಿದೆಯೋ ಅಂಥದ್ದನ್ನು ಹುಡುಕಿಕೊಡುತ್ತಿದ್ದೆ. ಇನ್ನೊಂದು ಊಟದ ತೊಡಕು. ತರಕಾರಿ ಬೇಯಿಸಿದರೂ ಮೀನಿನ ಸಾರಿನಲ್ಲಿ ಬೇಯಿಸುತ್ತಾರೆ. ಹಾಗಾಗಿ ನಮ್ಮ ಆಫೀಸಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಊಟದ್ದೇ.

ಊಟದ ಬಗ್ಗೆ ಒಂದು ಮಾತೂ ಕೇಳದೆ ಬಂದವರು ಸುಗಂಧಾ.

ಒಂದು ನವೆಂಬರಿನ ಬೆಳಿಗ್ಗೆ ಟೌರಂಗಾದಿಂದ ಕಾರು ಓಡಿಸಿಕೊಂಡು ಬಂದಿದ್ದರು. ಗದಗಿನ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು, ಐವತ್ತರ ಆಸುಪಾಸು. ಒಂಟಿ ಬದುಕು. ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತರು.

‘ಜಪಾನಿನ್ಯಾಗ ಬೆಟ್ಟದ ಮ್ಯಾಲ ಬಿಸಿನೀರಿನ ಊರು ಇರ್ತಾವಂತಲ್ರಿ, ಅಂಥಲ್ಲಿ ಒಂದು ರೂಮು ಬೇಕಾಗೈತಿ. ಜನವರ್‍ಯಾಗ. ಒಬ್ಬಾಕಿಗೆ.’

‘ಆಗ ಅಲ್ಲಿ ವಿಪರೀತ ಹಿಮ ಇರುತ್ತೆ.’

‘ಇರಲಿ.’

‘ಊಟಕ್ಕೆ ಹೇಗೆ? ನೀವು ಸಸ್ಯಾಹಾರ ಆದ್ರೆ ಮೊದಲೇ ಹೇಳಿಡ್ಬೇಕು.’

‘ಏನಿದ್ರೂ ನಡೀತೈತ್ರಿ.’

ಮಂಡಿ ನೋವಿದೆಯಾ, ಬಿಪಿ ಇದೆಯಾ, ಕಿಟಕಿಯಿಂದ ಏನು ಕಾಣಬೇಕು, ನೆಲದ ಮೇಲೆ ಹಾಸಿಗೆ ಹಾಸಿದರೆ ಆಗುತ್ತದಾ, ಎಲ್ಲ ಕೇಳಿದೆ. ಎಲ್ಲದಕ್ಕೂ ಅದೇ ಉತ್ತರ. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಹಟವಿತ್ತು.

‘ಯಾರೂ ಬಂದು ಮಾತಾಡಸಬಾರದು. ಊಟ ತಂದು ಕೊಡಾಕೂ ಬರಬಾರದು. ಅಂಥಾ ಜಾಗ ನೋಡ್ರಿ.’

‘ವಾಪಸ್ ಟಿಕೆಟ್ ಯಾವತ್ತಿಗೆ ಹಾಕ್ಲಿ?’

‘ಬರೂದು ಆಮ್ಯಾಲ ನೋಡೂಣಂತ.’

ಅವರು ದೋಸೆ ಹೋಟೆಲಿನಲ್ಲಿ ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದರು. ನಾನು ಕಜುಕೊಗೆ ಹೇಳಿದೆ. ಆಕೆ ಹಿಮ ಬೀಳುವ ಒಂದು ಬೆಟ್ಟದ ಕಣಿವೆಯ ಎರಡು ಮೂರು ಹಳೆಯ ವಸತಿಗೃಹಗಳಿಗೆ ಫೋನು ಮಾಡಿದಳು. ಒಬ್ಬರೂ ಒಪ್ಪಲಿಲ್ಲ.

‘ಚಳಿಗಾಲದಲ್ಲಿ ಒಂಟಿಯಾಗಿ ಬರುವವರೆಂದರೆ ಹಳೆಯ ಕಾಲದವರು ಹಿಂದೆಮುಂದೆ ನೋಡುತ್ತಾರೆ,’ ಅಂದಳು ಕಜುಕೊ.

‘ಯಾಕೆ?’

‘ಬೆಳಿಗ್ಗೆ ಎದ್ದು ಹೊರಗೆ ಹೋದವರು ತಿರುಗಿ ಬರದಿದ್ದರೆ ಎಂಬ ಹೆದರಿಕೆ. ನನ್ನ ಅಜ್ಜಿಯ ಊರಿನಲ್ಲೂ ಹೀಗೆಯೇ ಇತ್ತು.’

ಅಲ್ಲಿಯವರೆಗೆ ಏನೋ ಸರಿಯಿಲ್ಲ ಎನ್ನಿಸುತ್ತಿತ್ತಷ್ಟೆ, ಈಗ ಅದಕ್ಕೆ ಒಂದು ರೂಪ ಬಂತು. ಇಷ್ಟರಲ್ಲಿ ಕಜುಕೊಗೆ ಆ್ಯಪಿನಲ್ಲಿ ಒಂದು ಜಾಗ ಸಿಕ್ಕಿತ್ತು. ಕೊನೆಯ ಬಸ್‌ಸ್ಟಾಪಿಗಿಂತಲೂ ಮೇಲೆ ಅದೇ ಕಣಿವೆಯ ಕಾಡಿನ ಅಂಚಿನಲ್ಲಿರುವ ಹೊಸ ಕಟ್ಟಡ. ಅಲ್ಲಿ ಯಾರೂ ಇರುವುದಿಲ್ಲ. ಬಾಗಿಲು ತೆರೆಯುವ ಸಂಖ್ಯೆ ಫೋನಿಗೆ ಬರುತ್ತದೆ, ಹೋದವರು ತಾವೇ ಒಳಗೆ ಹೋಗಬೇಕು. ಯಾರು ಬೇಕಾದರೂ ಬರಬಹುದು.

ಚಹಾ ಕುಡಿದು ಬಂದ ಸುಗಂಧಾ ನನ್ನ ಹೆಗಲ ಹಿಂದಿನಿಂದ ಪರದೆ ನೋಡಿ, ‘ಇದ ಆಗಬಹುದ್ರಿ. ಇದನ್ನ ಮಾಡ್ರಿ’ ಅಂದರು. ಆಗ ಮಾತ್ರ ಅವರ ದನಿಯಲ್ಲಿ ಜೀವ ಇತ್ತು.

ನಾನು ಕುರ್ಚಿ ತಿರುಗಿಸಿದೆ. ‘ಸುಗಂಧಾ, ನಾನು ನೇರವಾಗಿ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಜೀವ ಕಳ್ಕೊಳ್ಳೋ ಯೋಚನೆ ಇದೆಯಾ ನಿಮಗೆ?’

ಅವರ ಮುಖ ಕೆಂಪಾಯಿತು. ‘ರೂಮು ಕೇಳಾಕ ಬಂದಾಕಿಗೆ ಇಂಥಾ ಪ್ರಶ್ನೆ ಕೇಳ್ತೀರೇನ್ರಿ? ನಾಚಿಕಿ ಆಗೂದಿಲ್ಲೇನು ನಿಮಗ?’ ಕೈಚೀಲ ಎತ್ತಿಕೊಂಡು ಹೊರಟೇಹೋದರು. ಬಾಗಿಲಿನ ಗಂಟೆ ಬಹಳ ಹೊತ್ತು ಅಲುಗಾಡುತ್ತಿತ್ತು.

ಲಾಲ್ ಭಾಯಿಗೆ ಸಿಟ್ಟು ಬಂದಿತ್ತು. ‘ನಾವು ರೂಮು ಕೊಡುವವರು, ಡಾಕ್ಟರರಲ್ಲ. ಆಕೆ ನರ್ಸು. ಸಣ್ಣ ಮಗುವಲ್ಲ. ನಾಳೆ ನಾಲ್ಕು ಜನರ ಹತ್ತಿರ ಹೇಳಿಕೊಂಡರೆ ನಮ್ಮ ಗತಿಯೇನು?’

‘ಆಕೆ ಇಲ್ಲ ಅಂತ ಹೇಳಲಿಲ್ಲ, ಭಾಯಿ,’ ಅಂದೆ. ‘ನಾಚಿಕೆ ಇಲ್ಲವಾ ಅಂದರು. ಇಲ್ಲ ಅನ್ನಲಿಲ್ಲ.’

ಫೋನು ಮಾಡಿದರೆ ಸುಗಂಧಾ ಎತ್ತಲಿಲ್ಲ. ಸಂಕಟದಲ್ಲಿರುವವರಿಗೆ ನೆರವಾಗುವ ಸಹಾಯವಾಣಿಗೆ ನಾನೇ ಫೋನು ಮಾಡಿ, ನನ್ನ ಪರಿಚಯದವರ ವಿಷಯ ಎಂದು ಕೇಳಿದೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಮಾತಾಡಿದಳು. ನೇರವಾಗಿ ಕೇಳಿದ್ದು ತಪ್ಪಲ್ಲ, ಕೇಳುವುದರಿಂದ ಯಾರ ತಲೆಗೂ ಹೊಸ ಯೋಚನೆ ಬರುವುದಿಲ್ಲ, ಒಂಟಿಯಾಗಿ ಬಿಡಬೇಡಿ, ಹೇಗಾದರೂ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದಳು. ಆ ಶನಿವಾರ ಟೌರಂಗಾಕ್ಕೆ ಹೊರಟೆ. ಟಿಕೆಟ್ಟಿಗೆಂದು ಸುಗಂಧಾ ಕೊಟ್ಟಿದ್ದ ವಿಳಾಸ ನನ್ನ ಹತ್ತಿರ ಇತ್ತು. ಕೈಮಾಯಿ ಬೆಟ್ಟದ ತಿರುವುಗಳಲ್ಲಿ ಕಾರು ಓಡಿಸುತ್ತ, ಬಾಗಿಲು ತೆಗೆಯದಿದ್ದರೆ ಏನು ಮಾಡಲಿ ಎನ್ನುವುದೊಂದೇ ತಲೆಯಲ್ಲಿತ್ತು.

ಬಾಗಿಲು ತೆಗೆದರು. ಆದರೆ ಒಳಗೆ ಕಂಡದ್ದು ನನ್ನ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿತು. ಅಡುಗೆಮನೆಯ ಕಪಾಟುಗಳು ಬರಿದಾಗಿದ್ದವು. ಸೀರೆ, ಸ್ವೆಟರ್, ಪಾತ್ರೆ ಎಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಹಳೆಯ ಸಾಮಾನು ಮಾರುವ ದಾನದ ಅಂಗಡಿಗೆ ಕೊಡಲೆಂದು ಗೋಡೆಗೆ ಒತ್ತಿ ಇಟ್ಟಿದ್ದರು. ಮನೆ ಖಾಲಿ ಮಾಡುತ್ತಿದ್ದೀರಾ ಎಂದರೆ ಇಲ್ಲ ಅಂದರು.

‘ನನಗೆ ಭಯ ಆಗಿದೆ ಸುಗಂಧಾ, ಅದಕ್ಕೇ ಬಂದೆ,’ ಅಂದೆ. ‘ನನ್ನ ಜೊತೆ ಡಾಕ್ಟರ ಹತ್ತಿರ ಬನ್ನಿ.’

‘ಇಲ್ಲಿ ಎಲ್ಲಾ ಡಾಕ್ಟ್ರೂ ನನಗ ಗೊತ್ತದಾರ. ನಾ ಬರೂದಿಲ್ಲ.’

‘ಏನಾಯ್ತು ಅಂತ ನನಗಾದ್ರೂ ಹೇಳಿ.’

ಅವರು ಕಿಟಕಿಯ ಕಡೆ ತಿರುಗಿ ನಿಂತು ಹೇಳಿದರು. ಅವರ ವಾರ್ಡಿನಲ್ಲಿ ಒಬ್ಬ ಅಜ್ಜಿ. ಬಚ್ಚಲಿನಲ್ಲಿ ಕೂಡಿಸಿ, ಟವೆಲು ತರಲೆಂದು ಸುಗಂಧಾ ಹೊರಗೆ ಬಂದರು. ಪಕ್ಕದ ರೂಮಿನಲ್ಲಿ ಯಾರೋ ಕೂಗಿದರು. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಬಿದ್ದಿದ್ದರು, ಆಮೇಲೆ ಉಳಿಯಲಿಲ್ಲ. ವಿಚಾರಣೆ ನಡೆಯಿತು. ಜನ ಸಾಲದ ಶಿಫ್ಟು, ಇವರ ತಪ್ಪಿಲ್ಲ ಎಂದು ತೀರ್ಮಾನವಾಯಿತು.

‘ಎಲ್ಲಾರೂ ಭಾಳ ಚಂದಂಗ ಮಾತಾಡಿದ್ರು. ಅಜ್ಜಿ ಮಗಳು ನನ್ನ ತೆಕ್ಕಿ ಹಾಯ್ದಳ್ರಿ. ಒಬ್ಬರರ ಬೈದಿದ್ರ ಚಲೋ ಇತ್ತು. ಯಾರೂ ಬೈಲಿಲ್ಲ.’

ಆಗ ಹೊಳೆದದ್ದನ್ನು ಹೇಳಿಬಿಟ್ಟೆ. ಆ ಕಣಿವೆಯ ವಸತಿಗೃಹಗಳನ್ನು ಖುದ್ದಾಗಿ ನೋಡಿ ಬರಬೇಕೆಂದು ನಮ್ಮ ಆಫೀಸಿನಲ್ಲಿ ಬಹಳ ದಿನದಿಂದ ಮಾತಿತ್ತು. ‘ನಾನು ಜನವರಿಯಲ್ಲಿ ಹೋಗ್ತೀನಿ. ನನ್ನ ಜೊತೆ ಬನ್ನಿ. ವಯಸ್ಸಾದವರನ್ನ ಆ ಬಚ್ಚಲುಗಳಿಗೆ ಕಳಿಸಬಹುದೋ ಇಲ್ವೋ ಅಂತ ನೋಡೋ ಕಣ್ಣು ನನಗಿಲ್ಲ. ನಿಮಗಿದೆ.’

ಬಚ್ಚಲು ಎನ್ನುವ ಪದ ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು. ‘ನೀವು ಬರೂದಾದ್ರ ಬರ್‍ರಿ. ನಾ ಏನೂ ಮಾತಾಡೂದಿಲ್ಲ. ಬರೇ ನೋಡಿ ಹೇಳ್ತೀನಿ.’

ಡಾಕ್ಟರ ಮಾತು ಹಾಗೇ ಉಳಿಯಿತು. ಹೊರಡುವವರೆಗೆ ದಿನವೂ ಫೋನು ಮಾಡುತ್ತೇನೆ, ಎತ್ತಲೇಬೇಕು ಎಂದು ಒಪ್ಪಿಸಿಕೊಂಡೆ. ಡಿಸೆಂಬರ್ ಪೂರ್ತಿ ಅವರ ‘ಹಲೋ’ ಕೇಳಿದ ಮೇಲೆಯೇ ನನಗೆ ಊಟ ಇಳಿಯುತ್ತಿದ್ದದ್ದು. ಇದೇ ಸರಿಯಾದ ದಾರಿ ಎಂದು ನಿಮಗೆ ಹೇಳಲಾರೆ. ಡಾಕ್ಟರೇ ಮೊದಲು ಎಂದು ಈಗಲೂ ಹೇಳುತ್ತೇನೆ. ಆ ದಿನ ನನ್ನ ಕೈಗೆ ಸಿಕ್ಕ ಹಗ್ಗ ಅದೊಂದೇ ಆಗಿತ್ತು.

ಲಾಲ್ ಭಾಯಿ ಬೇಡವೆಂದು ಬಹಳ ಹೇಳಿದರು. ಏನಾದರೂ ಆದರೆ ಜನ ನಿನ್ನನ್ನೇ ಕೇಳುತ್ತಾರೆ ಅಂದರು. ಕೊನೆಗೆ ಒಪ್ಪಿಕೊಂಡು, ವಿಮಾನದಲ್ಲಿ ನಮ್ಮಿಬ್ಬರ ಸೀಟು ಅಕ್ಕಪಕ್ಕ ಹಾಕಿಸಿಕೊಟ್ಟರು.

ಜಪಾನಿನ ಆ ಕಣಿವೆಯಲ್ಲಿ ನಮ್ಮಲ್ಲಿಯ ಬಿಸಿನೀರಿನ ಊರು ರೊಟೊರುವಾದ ಹಾಗೆಯೇ ಗಂಧಕದ ವಾಸನೆ, ಅದರ ಮೇಲೆ ಆಳೆತ್ತರದ ಹಿಮ. ಕೆಳಗಿನ ಊರಿನಲ್ಲಿ ಇಬ್ಬರು ಹೆಂಗಸರಿಗೆ ರೂಮು ಸುಲಭವಾಗಿ ಸಿಕ್ಕಿತು. ಯಜಮಾನಿ ಎಪ್ಪತ್ತು ದಾಟಿದಾಕೆ. ಬಂದವರ ಜೊತೆ ತಾನೂ ಕೂತು ಊಟ ಮಾಡುವ ಅಭ್ಯಾಸ ಆಕೆಗಿದೆ ಎಂದು ಕಜುಕೊ ಹೇಳಿದ್ದಕ್ಕೇ ಆ ಜಾಗ ಆರಿಸಿದ್ದೆ. ನಮ್ಮ ರೂಮಿನಲ್ಲಿ ಹಾಸಿಗೆಗಳು ಪಕ್ಕಪಕ್ಕದಲ್ಲಿದ್ದವು. ಸುಗಂಧಾ ಮಗ್ಗುಲು ಬದಲಿಸಿದರೂ ನನಗೆ ಎಚ್ಚರವಾಗುತ್ತಿತ್ತು.

ಹಗಲು ವಸತಿಗೃಹಗಳನ್ನು ನೋಡುತ್ತಾ ಹೋದೆವು. ಮೊದಲು ಸುಗಂಧಾ ಹೇಳಿದ ಹಾಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಒಂದು ಕಡೆ ಬಚ್ಚಲಿನ ಬಾಗಿಲು ತೆಗೆದು ನೋಡಿದವರು ಒಮ್ಮೆಲೇ ಕೂಗಿದರು.

‘ಇದೇನ್ರಿ ಇದು? ಹಿಡಕೊಳ್ಳಾಕ ಒಂದು ಸರಳಿಲ್ಲ. ಕಲ್ಲು ಪಾಚಿ ಹಿಡದೈತಿ. ಬಿದ್ರ ಕರಿಯಾಕ ಗಂಟಿ ಎಲ್ಲೈತಿ? ಕೇಳ್ರಿ ಅವನ್ನ.’

ಅಲ್ಲಿನ ಮಾಲೀಕ ಕನ್ನಡ ತಿಳಿಯದೆ ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದ. ಕಜುಕೊಗೆ ಫೋನು ಹಚ್ಚಿ ಅನುವಾದ ಮಾಡಿಸಿದೆ. ಸುಗಂಧಾ ಅವನನ್ನು ಬಿಡದೆ ಬೈದರು. ನನಗೆ ಒಳಗೊಳಗೆ ಸಮಾಧಾನವಾಯಿತು. ಬೇಡ ಅನ್ನುವುದನ್ನಾದರೂ ಕಲಿತರಲ್ಲ, ಏನಿದ್ದರೂ ನಡೆಯುತ್ತದೆ ಅನ್ನುತ್ತಿಲ್ಲವಲ್ಲ ಅಂದುಕೊಂಡೆ.

ಮಾರನೆಯ ಮಧ್ಯಾಹ್ನ ಊಟದ ಮೇಲೆ ನಾನು ಸ್ನಾನಕ್ಕೆ ಹೋಗಿ ಬಂದರೆ ರೂಮಿನಲ್ಲಿ ಸುಗಂಧಾ ಇರಲಿಲ್ಲ. ಕೋಟು ಇರಲಿಲ್ಲ, ಬೂಟು ಇರಲಿಲ್ಲ. ಫೋನು ರಿಂಗಾಗುತ್ತಿತ್ತು, ಎತ್ತಲಿಲ್ಲ. ನನ್ನ ಮುಖ ನೋಡಿ ಯಜಮಾನಿ ಏನೂ ಕೇಳದೆ ಹೊರಗೆ ಬಂದು ಬಸ್ಸಿನ ರಸ್ತೆಯ ಕಡೆ ಕೈ ತೋರಿಸಿದಳು, ಆಮೇಲೆ ಮೇಲಕ್ಕೆ. ಬೆಟ್ಟದ ಕಡೆಗೆ.

ಎಲ್ಲಿಗೆಂದು ನನಗೆ ಗೊತ್ತಾಯಿತು, ಆವತ್ತು ಪರದೆಯ ಮೇಲೆ ನೋಡಿದ್ದ ಜನರಿಲ್ಲದ ಕಟ್ಟಡಕ್ಕೆ. ಯಜಮಾನಿ ಮಗನನ್ನು ಕೂಗಿ ವ್ಯಾನು ತೆಗೆಸಿದಳು. ಚಕ್ರಕ್ಕೆ ಸರಪಳಿ ಕಟ್ಟಿದ ವ್ಯಾನು ಗಡಗಡ ಎನ್ನುತ್ತ ನಿಧಾನವಾಗಿ ಹತ್ತುತ್ತಿತ್ತು. ಬೇಗ ಹೋಗಪ್ಪಾ ಎಂದು ಕನ್ನಡದಲ್ಲೇ ಅಂದೆ. ಅವನು ಗೇರು ಬದಲಿಸಿದ. ಕೊನೆಯ ಬಸ್‌ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಅಲ್ಲಿಂದಾಚೆ ಹಿಮದ ಮೇಲೆ ಒಬ್ಬರ ಬೂಟಿನ ಗುರುತು. ವ್ಯಾನು ಮುಂದೆ ಹೋಗಲಾರದ ಜಾಗದಲ್ಲಿ ಇಳಿದು ಆ ಗುರುತಿನ ಮೇಲೆಯೇ ಹತ್ತಿದೆ. ಎರಡು ಸಲ ಬಿದ್ದೆ.

ಆ ಕಟ್ಟಡದ ಮುಂದೆ ಸುಗಂಧಾ ನಿಂತಿದ್ದರು. ಕೈಯಲ್ಲಿ ಫೋನು. ಬಾಗಿಲಿನ ಸಂಖ್ಯೆ ಅದರಲ್ಲಿತ್ತು. ತಾವೇ ಬುಕ್ ಮಾಡಿದ್ದರು.

‘ಯಾವಾಗ ಮಾಡಿದ್ರಿ?’ ಅಂದೆ, ಉಸಿರು ಸಿಕ್ಕ ಮೇಲೆ.

‘ನಿಮ್ಮ ಆಫೀಸಿನಿಂದ ಎದ್ದು ಬಂದ ದಿನಾನ, ಜನವರಿ ತಿಂಗಳು ಪೂರಾ. ರದ್ದು ಮಾಡಿದ್ದಿಲ್ಲ.’

‘ನಾನು ಆವತ್ತು ಕೇಳಿದ್ನಲ್ಲ...’

‘ಹೌದು. ಇತ್ತು.’ ಅವರು ನನ್ನನ್ನೇ ನೋಡಿ ಹೇಳಿದರು. ‘ನೀವು ಕೇಳಿದ್ದು ಖರೆ ಇತ್ತು. ಅದಕ್ಕ ಅಷ್ಟು ಸಿಟ್ಟು ಬಂತು.’

‘ಈಗ?’

ಅವರು ಸಂಖ್ಯೆ ಒತ್ತಿ ಬಾಗಿಲು ತೆರೆದರು. ನಾನು ಅವರಿಗೆ ತಾಗಿಕೊಂಡೇ ಒಳಗೆ ನುಗ್ಗಿದೆ. ಒಳಗೆ ಹೊಸ ಬಣ್ಣದ ವಾಸನೆ, ಹೊರಗಿಗಿಂತ ಹೆಚ್ಚು ಚಳಿ. ಗೋಡೆಯಲ್ಲಿ ಒಂದು ಪರದೆ ತನ್ನಷ್ಟಕ್ಕೆ ಬೆಳಗಿ, ಯಂತ್ರದ ದನಿಯಲ್ಲಿ ಸ್ವಾಗತ ಹೇಳಿತು. ಸುಗಂಧಾ ಬೆಚ್ಚಿಬಿದ್ದು ನನ್ನ ತೋಳು ಹಿಡಿದರು. ಹಿಡಿದ ಕೈ ಬಿಡದೆ ಒಂದೊಂದೇ ಬಾಗಿಲು ತೆಗೆದು ನೋಡಿದರು. ಮಲಗುವ ಜಾಗ ನೋಡಿದರು. ಬಚ್ಚಲು ನೋಡಿದರು, ಅಲ್ಲಿ ಬಹಳ ಹೊತ್ತು ನಿಂತರು.

ಹೊರಗೆ ಬಂದು ಬಾಗಿಲು ಎಳೆದುಕೊಂಡ ಮೇಲೆ ಅವರು, ಮೊದಲೇ ಒಪ್ಪಿಕೊಂಡಿದ್ದ ಹಾಗೆ, ತಮ್ಮ ವರದಿ ಹೇಳಿದರು.

‘ಇಲ್ಲಿ ಯಾರನ್ನೂ ಕಳಸಬ್ಯಾಡ್ರಿ, ಅಕ್ಕಾ. ಒಬ್ಬೊಬ್ಬರನ್ನಂತೂ ಕಳಸಲೇಬ್ಯಾಡ್ರಿ.’

ಅಷ್ಟು ಹೇಳಿ ಅತ್ತರು. ಕೆಳಗೆ ವ್ಯಾನಿನ ಹತ್ತಿರ ಯಜಮಾನಿಯ ಮಗ ಟೋಪಿ ತೆಗೆದು ಹಿಡಿದು ಬೇರೆ ಕಡೆ ನೋಡುತ್ತ ನಿಂತಿದ್ದ. ಇಳಿಯುವಾಗ ದಾರಿಯುದ್ದಕ್ಕೂ ಅವರು ಆ ಅಜ್ಜಿಯ ವಿಷಯ ಮಾತಾಡಿದರು. ಅಜ್ಜಿ ಚಹಾಕ್ಕೆ ಎಷ್ಟು ಸಕ್ಕರೆ ಕೇಳುತ್ತಿದ್ದರು, ಇವರ ಹೆಸರನ್ನು ಹೇಗೆ ತಪ್ಪು ತಪ್ಪಾಗಿ ಕರೆಯುತ್ತಿದ್ದರು, ಎಲ್ಲ. ನಾನು ಹೂಂ ಎನ್ನುತ್ತಿದ್ದೆ.

ಒಂದು ಬೆಟ್ಟ, ಒಬ್ಬ ಯಜಮಾನಿ, ಒಂದು ಬಿಸಿನೀರಿನ ಕೊಳ ಇಂಥ ಕಾಯಿಲೆಯನ್ನು ವಾಸಿ ಮಾಡುತ್ತವೆ ಎಂದು ನಾನು ಬರೆಯುವುದಿಲ್ಲ. ವಾಪಸ್ ಬಂದ ವಾರವೇ ಟೌರಂಗಾದಲ್ಲಿ ಅವರ ಜೊತೆ ಡಾಕ್ಟರ ಹತ್ತಿರ ಹೋದೆ. ಪರಿಚಯವಿಲ್ಲದ ಡಾಕ್ಟರೊಬ್ಬರನ್ನು ಅವರೇ ಹುಡುಕಿದ್ದರು. ನಾನು ಹೊರಗೆ ಕೂರುತ್ತೇನೆಂದರೆ, ‘ನೀವೂ ಬರ್‍ರಿ’ ಎಂದು ಒಳಗೆ ಕರೆದುಕೊಂಡರು. ಔಷಧಿ, ರಜೆ, ವಾರ ವಾರ ಮಾತಾಡಿಸುವ ಒಬ್ಬ ಆಪ್ತ ಸಲಹೆಗಾರ್ತಿ ಎಲ್ಲ ಆಯಿತು. ನಡುವೆ ಕೆಟ್ಟ ದಿನಗಳು ಬಂದವು. ಅಂಥ ದಿನ ಅವರೇ ಫೋನು ಮಾಡುತ್ತಿದ್ದರು. ಈಗ ವಾರ್ಡಿನಲ್ಲಿಲ್ಲ, ವೃದ್ಧರ ಮನೆಗಳಿಗೆ ಹೋಗಿ ಅವರ ಸ್ನಾನದ ಕೋಣೆಗಳನ್ನು ಸರಿಪಡಿಸುವ ಕೆಲಸದಲ್ಲಿದ್ದಾರೆ. ಯಾರಾದರೂ ಸರಳು ಹಾಕಿಸದಿದ್ದರೆ ಚೆನ್ನಾಗಿ ಬೈಯುತ್ತಾರಂತೆ.

ಡಾಕ್ಟರ ಹತ್ತಿರ ಹೋಗಿ ಬಂದ ಆ ದಿನ ಹಿಂದಿರುಗುವಾಗ ಕೈಮಾಯಿ ಬೆಟ್ಟದ ಮೇಲೆ ನನಗೆ ಮುಂದಕ್ಕೆ ಕಾರು ಓಡಿಸಲು ಆಗಲಿಲ್ಲ. ಅಷ್ಟು ದಿನದ ಭಯ ಎಲ್ಲಿ ಅಡಗಿತ್ತೋ. ಕಾರು ಪಕ್ಕಕ್ಕೆ ನಿಲ್ಲಿಸಿ ಬಹಳ ಹೊತ್ತು ಕೂತೆ. ಲಾಲ್ ಭಾಯಿಯ ಫೋನು ಬಂತು. ಆಕೆ ಹೇಗಿದ್ದಾರೆ ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ. ಅವರು ಫೋನು ಇಡಲೂ ಇಲ್ಲ, ಮತ್ತೆ ಕೇಳಲೂ ಇಲ್ಲ.

ಸೋಮವಾರ ನಾನು ಆಫೀಸಿಗೆ ಹೋಗುವುದು ತಡವಾಯಿತು. ಬಾಗಿಲು ತೆರೆದಾಗ ನನ್ನ ಕುರ್ಚಿಯಲ್ಲಿ ಲಾಲ್ ಭಾಯಿ ಕೂತಿದ್ದರು, ಎದುರಿಗೆ ಒಬ್ಬ ಮಧ್ಯವಯಸ್ಸಿನ ಗಂಡಸು. ಇಲ್ಲಿಯದೇ ದಕ್ಷಿಣ ದ್ವೀಪದಲ್ಲಿ ಒಂದು ರೂಮು ಬೇಕು, ಒಬ್ಬನಿಗೇ, ಎಲ್ಲಾದರೂ ಸರಿ ಎನ್ನುತ್ತಿದ್ದ. ಲಾಲ್ ಭಾಯಿ ಕೀಬೋರ್ಡು ಪಕ್ಕಕ್ಕೆ ಸರಿಸಿದರು.

‘ರೂಮು ಸಿಗುತ್ತದೆ,’ ಅಂದರು. ‘ನೀವು ಹೇಗಿದ್ದೀರಿ, ಅದನ್ನು ಮೊದಲು ಹೇಳಿ.’

ಆತ ಉತ್ತರ ಕೊಡುವವರೆಗೆ ಅವರು ಕೀಬೋರ್ಡು ಮುಟ್ಟಲಿಲ್ಲ.